ಕುದುರೆಮುಖದ ಮಿತಿಯೂ ನಮ್ಮ ವ್ಯಾಪಾರವೂ

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಶಿಖರ ಚಾರಣಕ್ಕೆ ದಿನವೊಂದಕ್ಕೆ 300 ಮಂದಿಗೆ ಮಾತ್ರ ಅವಕಾಶವೆಂಬ ನಿಯಮವು 2024ರಿಂದ ಜಾರಿಯಲ್ಲಿದೆ. ಹೋಗಬಯಸುವವರು ಅಂತರ್ಜಾಲದ ಮೂಲಕ ಶುಲ್ಕ ಪಾವತಿಸಿ ಮುಂಗಡವಾಗಿ ಅನುಮತಿ ಪಡೆಯಬೇಕು. ಆ ವರ್ಷದ ಗಣರಾಜ್ಯೋತ್ಸವದ ರಜಾದಿನಗಳಲ್ಲಿ ಕುಮಾರಪರ್ವತದಲ್ಲಿ ಚಾರಣಿಗರ ನೂಕುನುಗ್ಗಲು ಉಂಟಾದ ಬಳಿಕ ರಾಜ್ಯದ ಅರಣ್ಯ ಇಲಾಖೆಯು ಚಾರಣ ಪಥಗಳಿಗೆಲ್ಲ ಇಂತಹ ಕಟ್ಟುಪಾಡನ್ನು ತರಲು ಮುಂದಾಯಿತು. ಘಟ್ಟದ ಬುಡದಲ್ಲಿರುವ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ವರ್ತಕ ವಲಯದಲ್ಲಿ ಈ ವಿಷಯ ಬಂದಾಗಲೆಲ್ಲ ಒಂದೇ ಮಾತು ಕೇಳಿಬರುತ್ತದೆ: "ಬರುವ ಗಿರಾಕಿಯನ್ನು ಸರಕಾರವೇ ಬಾಗಿಲಲ್ಲಿ ತಡೆದರೆ ವ್ಯಾಪಾರ ಬೆಳೆಯುವುದು ಹೇಗೆ?" ಮಿತಿಯನ್ನು ಸಡಿಲಿಸುವಂತೆ ವರ್ತಕರ ಸಂಘಗಳು ಒತ್ತಾಯಿಸಬೇಕೆನ್ನುವವರೂ ಇದ್ದಾರೆ.

ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿದೆ. ಕಾಡಿನ ಮೇಲಿನ ಪ್ರೀತಿಯ ಮಾತನ್ನು ಇಲ್ಲಿ ಬದಿಗಿಡೋಣ. ಅದು ಇರುವವರಿಗೆ ಹೇಳಬೇಕಾಗಿಲ್ಲ, ಇಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಕೇವಲ ಲೆಕ್ಕದ ದೃಷ್ಟಿಯಿಂದ ನೋಡಿದರೂ ಈ ಮಿತಿಯು ನಮ್ಮ ವ್ಯಾಪಾರಕ್ಕೆ ಅನುಕೂಲವಾಗಿದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಬೆನ್ನ ಹಿಂದಿನ ಆಸ್ತಿ

ಮೊದಲಿಗೆ ನಮ್ಮ ಆಸ್ತಿ ಯಾವುದೆಂಬುದನ್ನು ಪಟ್ಟಿ ಮಾಡೋಣ. ಕುದುರೆಮುಖ ರಾಷ್ಟ್ರೀಯ ಉದ್ಯಾನವು 1987ರಲ್ಲಿ ಘೋಷಣೆಯಾಯಿತು. ಸುಮಾರು 600 ಚದರ ಕಿಲೋಮೀಟರು ವಿಸ್ತಾರದ ಈ ಕಾಡು ಚಿಕ್ಕಮಗಳೂರು, ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಹರಡಿದೆ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಈ ಬೆಟ್ಟಸಾಲಿನಲ್ಲಿ ಹುಟ್ಟುತ್ತವೆ. ಅದರ ಉತ್ತರಕ್ಕೆ ಹೆಬ್ರಿ, ಆಗುಂಬೆಯ ಕಡೆ ಸೋಮೇಶ್ವರ ವನ್ಯಜೀವಿಧಾಮ. ಇನ್ನೂ ಉತ್ತರಕ್ಕೆ ಬಂದರೆ ನಮ್ಮ ಕುಂದಾಪುರ, ಬೈಂದೂರು ತಾಲೂಕುಗಳಲ್ಲೇ ಇರುವ ಮೂಕಾಂಬಿಕಾ ವನ್ಯಜೀವಿಧಾಮ. ಈ ಎರಡೂ 1974ರಲ್ಲಿ ಘೋಷಣೆಯಾದವು, 2011ರಲ್ಲಿ ವಿಸ್ತರಣೆಗೊಂಡವು. ಯುನೆಸ್ಕೋ ಸಂಸ್ಥೆಯು 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕರ್ನಾಟಕಕ್ಕೆ ಹತ್ತು ತಾಣಗಳು ದೊರೆತವು. ಕುದುರೆಮುಖ ಮತ್ತು ಸೋಮೇಶ್ವರ ಆ ಹತ್ತರಲ್ಲಿವೆ.

ಪ್ರವಾಸೋದ್ಯಮದ ಗೋಜಿಗೇ ಹೋಗದ ಉದ್ಯಮಿಯೂ ಈ ಆಸ್ತಿಯ ಪಾಲುದಾರನೆಂಬುದನ್ನು ಮರೆಯಬಾರದು. ಕುಂದಾಪುರದ ಬಳಿ ಸಮುದ್ರ ಸೇರುವ ಸೌಪರ್ಣಿಕಾ, ಚಕ್ರಾ, ವಾರಾಹಿ ನದಿಗಳೂ, ಬ್ರಹ್ಮಾವರದ ಆಸುಪಾಸಿನಲ್ಲಿ ಹರಿಯುವ ಸೀತಾ, ಸ್ವರ್ಣಾ ನದಿಗಳೂ ಘಟ್ಟದ ಕಾಡಿನಿಂದಲೇ ಇಳಿದುಬರುತ್ತವೆ. ಹೊಸಂಗಡಿಯಲ್ಲಿ 460 ಮೆಗಾವಾಟ್ ಸಾಮರ್ಥ್ಯದ ಭೂಗರ್ಭ ವಿದ್ಯುದಾಗಾರ ನಡೆಯುತ್ತಿರುವುದು ವಾರಾಹಿಯ ನೀರಿನಿಂದ. ಅಕ್ಕಿ ಗಿರಣಿಯವರಿಗೆ, ಹಂಚಿನ ಕಾರ್ಖಾನೆಯವರಿಗೆ, ಮೀನುಗಾರಿಕೆಯನ್ನು ನಂಬಿದ ಮಂಜುಗಡ್ಡೆ ಘಟಕದವರಿಗೆ ಸಿಹಿನೀರು ಬೇಕೇ ಬೇಕು. ಎಪ್ರಿಲ್-ಮೇ ತಿಂಗಳಲ್ಲಿ ಹೊಳೆಯ ಹರಿವು ಕುಗ್ಗಿ ಉಪ್ಪುನೀರು ಮೇಲೇರಿದಾಗ ಅದರ ಬೆಲೆ ಏನೆಂದು ಹೊಳೆಬದಿಯ ಪ್ರತಿಯೊಬ್ಬ ಉದ್ಯಮಿಗೂ ಗೊತ್ತಿದೆ. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುವ ಕೆಲಸವನ್ನು ಮೇಲಿನ ಶೋಲಾ ಕಾಡು ಮತ್ತು ಹುಲ್ಲುಗಾವಲು ಮಾಡುತ್ತವೆ. ಈ ಸೇವೆಗೆ ಯಾರೂ ಬಿಲ್ಲು ಕಳುಹಿಸದಿರುವುದರಿಂದ ನಮ್ಮ ಯಾವ ಲಾಭ-ನಷ್ಟ ಖಾತೆಯಲ್ಲೂ ಅದು ಕಾಣಿಸುವುದಿಲ್ಲ.

ವಾಣಿಜ್ಯ ಶಾಸ್ತ್ರದ ಮೊದಲ ಪಾಠವೇ ಬಂಡವಾಳವನ್ನೂ ಆದಾಯವನ್ನೂ ಬೇರೆಬೇರೆಯಾಗಿ ನೋಡುವುದು. ಠೇವಣಿಯ ಬಡ್ಡಿಯನ್ನು ಖರ್ಚು ಮಾಡಬಹುದು. ಅಸಲನ್ನೇ ಕರಗಿಸಿ ಅದನ್ನು ಆದಾಯವೆಂದು ಬರೆದರೆ ಲೆಕ್ಕವು ಕೆಲವು ವರ್ಷ ಚೆನ್ನಾಗಿ ಕಾಣುತ್ತದೆ, ಅನಂತರ ಅಂಗಡಿಯೇ ಇರುವುದಿಲ್ಲ. ಕಾಡು ಇಲ್ಲಿ ಅಸಲು. ಅದನ್ನು ನೋಡಲು ಬರುವವರಿಂದ ಸಿಗುವ ಸಂಪಾದನೆ ಬಡ್ಡಿ.

ಒಂದು ಗಣಿಯ ಪಾಠ

ಅಸಲನ್ನು ಕರಗಿಸಿದ ಉದಾಹರಣೆಗಾಗಿ ನಾವು ದೂರ ಹೋಗಬೇಕಾಗಿಲ್ಲ. ಕುದುರೆಮುಖ ಕಬ್ಬಿಣದ ಅದಿರು ಕಂಪೆನಿಯು 1976ರಲ್ಲಿ ಸ್ಥಾಪನೆಯಾಯಿತು. ಇರಾನಿನ ಸಾಲದ ನೆರವಿನಿಂದ, ಇರಾನಿಗೇ ಅದಿರು ಮಾರುವ ಉದ್ದೇಶದಿಂದ, ವರ್ಷಕ್ಕೆ 75 ಲಕ್ಷ ಟನ್ ಉತ್ಪಾದನೆಯ ಗುರಿಯೊಡನೆ ಅದು ಹುಟ್ಟಿತು. 1979ರ ಕ್ರಾಂತಿಯ ಬಳಿಕ ಇರಾನ್ ಹಿಂದೆ ಸರಿಯಿತು. ಕಂಪೆನಿಯು ಬೇರೆ ದೇಶಗಳಲ್ಲಿ ಗಿರಾಕಿಗಳನ್ನು ಹುಡುಕಿಕೊಂಡಿತು. ಬೆಟ್ಟವನ್ನು ಅಗೆದು, ಅದಿರನ್ನು ಪುಡಿಮಾಡಿ, ನೀರಿನಲ್ಲಿ ಬೆರೆಸಿ, ಅರುವತ್ತೇಳು ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಇಳಿಸಲಾಗುತ್ತಿತ್ತು. ಉಳಿದ ತ್ಯಾಜ್ಯವನ್ನು ತುಂಬಿಡಲು ಲಖ್ಯಾ ಹಳ್ಳಕ್ಕೆ ನೂರು ಮೀಟರು ಎತ್ತರದ ಅಣೆಕಟ್ಟು ಬಂದಿತು.

ಇಪ್ಪತ್ತೈದು ವರ್ಷಗಳ ಕಾಲ ಆ ಕಂಪೆನಿ ದೇಶಕ್ಕೆ ವಿದೇಶಿ ವಿನಿಮಯ ತಂದಿತು, ನೂರಾರು ಕುಟುಂಬಗಳಿಗೆ ಸಂಬಳ ಕೊಟ್ಟಿತು. ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಗಣಿಯೆಂಬುದು ಕ್ಷಯಿಸುವ ಆಸ್ತಿ. ತೆಗೆದ ಪ್ರತಿ ಟನ್ನಿಗೂ ಅಷ್ಟು ಆಸ್ತಿ ಕಡಿಮೆಯಾಯಿತೆಂದು ಬರೆಯಬೇಕು. ಅದಿರಿನ ಲೆಕ್ಕವನ್ನು ಕಂಪೆನಿ ಬರೆದಿರಬಹುದು. ಭದ್ರೆಗೆ ಇಳಿದ ಹೂಳಿನ ಲೆಕ್ಕ, ಹೋದ ಹುಲ್ಲುಗಾವಲಿನ ಲೆಕ್ಕ ಯಾವ ಪುಸ್ತಕದಲ್ಲೂ ಇರಲಿಲ್ಲ. ನಾಗರಹೊಳೆಯ ನಿವೃತ್ತ ಅರಣ್ಯಾಧಿಕಾರಿ ಕೆ. ಎಂ. ಚಿಣ್ಣಪ್ಪನವರ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ತೀರ್ಪು ನೀಡಿ, 2005ರ ಅಂತ್ಯಕ್ಕೆ ಗಣಿಗಾರಿಕೆಯನ್ನು ನಿಲ್ಲಿಸುವಂತೆ ಆಜ್ಞಾಪಿಸಿತು. ಗಣಿ ನಿಂತಿತು. ಅದನ್ನೇ ನಂಬಿ ಬೆಳೆದಿದ್ದ ಊರು ಬರಿದಾಯಿತು; ಅಲ್ಲಿನ ಅಂಗಡಿಗಳ ವ್ಯಾಪಾರವೂ ಅದರೊಂದಿಗೆ ಹೋಯಿತು.

ಒಂದೇ ಆದಾಯಮೂಲವನ್ನು ನಂಬಿ, ಅದರ ಮಿತಿಯನ್ನು ಮೊದಲೇ ಒಪ್ಪಿಕೊಳ್ಳದೆ ಬೆಳೆದ ವ್ಯಾಪಾರಕ್ಕೆ ಮಿತಿಯು ಒಂದು ದಿನ ನ್ಯಾಯಾಲಯದ ರೂಪದಲ್ಲಿ, ಒಂದೇ ಏಟಿಗೆ ಬರುತ್ತದೆ ಎಂಬುದೇ ಈ ಪ್ರಸಂಗದಿಂದ ವರ್ತಕನು ಕಲಿಯಬೇಕಾದ ಪಾಠ. ಚಾರಣಕ್ಕೂ ಇದೇ ಮಾತು ಅನ್ವಯಿಸುತ್ತದೆ. ಇಂದು ದಿನಕ್ಕೆ 300 ಎಂಬ ಮಿತಿಯನ್ನು ಮುರಿದು ಸಾವಿರ ಮಂದಿಯನ್ನು ಹತ್ತಿಸಿದರೆ ಜಾಡು ಕೊಚ್ಚಿಹೋಗುತ್ತದೆ, ಕಸ ತುಂಬುತ್ತದೆ, ಒಂದು ಅವಘಡ ಆಗುತ್ತದೆ. ಮರುದಿನ ಸಂಪೂರ್ಣ ನಿಷೇಧ ಬರುತ್ತದೆ. 300 ಮಂದಿಯ ಖಚಿತ ವ್ಯಾಪಾರಕ್ಕಿಂತ ಸಾವಿರ ಮಂದಿಯ ಅನಿಶ್ಚಿತ ವ್ಯಾಪಾರ ಲಾಭದಾಯಕವೆಂದು ಯಾವ ಬ್ಯಾಂಕಿನ ಮ್ಯಾನೇಜರರೂ ಒಪ್ಪಲಾರರು.

ಮುನ್ನೂರರ ಲೆಕ್ಕ

ಇನ್ನು ಅಂಕಿಗಳಿಗೆ ಬರೋಣ. ದಿನಕ್ಕೆ 300 ಎಂದರೆ ಮೂವತ್ತು ದಿನಗಳ ತಿಂಗಳಿಗೆ 9,000 ಅವಕಾಶಗಳು. ಇದರಲ್ಲಿ ಎಂಟು ಶನಿವಾರ-ಭಾನುವಾರಗಳ ಪಾಲು 2,400 ಮಾತ್ರ. ಉಳಿದ 22 ದಿನಗಳಲ್ಲಿ 6,600 ಅವಕಾಶಗಳಿವೆ. ಟಿಕೆಟು ಸಿಗುವುದಿಲ್ಲವೆಂಬ ದೂರು ಬರುವುದು ಹೆಚ್ಚಾಗಿ ಮೊದಲಿನ 2,400ರ ಬಗ್ಗೆ. ಅಂದರೆ ನಾವು ಕೊರತೆಯೆಂದು ತಿಳಿದಿರುವುದು ವಾಸ್ತವವಾಗಿ ಹಂಚಿಕೆಯ ದೋಷ.

ವಸತಿಗೃಹವೊಂದರ ಉದಾಹರಣೆಯಿಂದ ಇದನ್ನು ಇನ್ನಷ್ಟು ಸ್ಪಷ್ಟಪಡಿಸಬಹುದು. ಅಂಕಿಗಳು ಕೇವಲ ತಿಳಿವಳಿಕೆಗಾಗಿ. ಹತ್ತು ಕೋಣೆಗಳು, ಕೋಣೆಯೊಂದಕ್ಕೆ ರಾತ್ರಿಗೆ 2,000 ರೂಪಾಯಿ. ಬ್ಯಾಂಕಿನ ಕಂತು, ಸಿಬ್ಬಂದಿಯ ಸಂಬಳ, ಕನಿಷ್ಠ ವಿದ್ಯುತ್ ಶುಲ್ಕ ಇತ್ಯಾದಿ ಸ್ಥಿರ ವೆಚ್ಚ ತಿಂಗಳಿಗೆ 1,80,000 ರೂಪಾಯಿ ಎಂದಿಟ್ಟುಕೊಳ್ಳೋಣ. ಕೋಣೆ ತುಂಬಿದಾಗ ಬರುವ ಹೆಚ್ಚಿನ ಖರ್ಚು 500 ರೂಪಾಯಿ. ಹಾಗಾದರೆ ಪ್ರತಿಯೊಂದು ಕೋಣೆ-ರಾತ್ರಿಯಿಂದ ಉಳಿಯುವುದು 1,500 ರೂಪಾಯಿ. ಸ್ಥಿರ ವೆಚ್ಚ ಹೊರಡಬೇಕಾದರೆ ತಿಂಗಳಿಗೆ 120 ಕೋಣೆ-ರಾತ್ರಿಗಳು ಮಾರಾಟವಾಗಬೇಕು. ಎಂಟು ವಾರಾಂತ್ಯದ ರಾತ್ರಿಗಳಲ್ಲಿ ಹತ್ತಕ್ಕೆ ಹತ್ತು ಕೋಣೆ ತುಂಬಿದರೂ ಆಗುವುದು ಎಂಬತ್ತು. ಉಳಿಕೆ 1,20,000, ನಷ್ಟ 60,000.

ಈಗ ವಾರಾಂತ್ಯದ ಮಿತಿಯನ್ನು 300ರಿಂದ 600ಕ್ಕೆ ಏರಿಸಿದರೆ ಈ ಮಾಲಕರಿಗೆ ಏನು ಸಿಕ್ಕಿತು? ಏನೂ ಇಲ್ಲ. ಅವರ ಕೋಣೆಗಳು ಆ ದಿನ ಮೊದಲೇ ತುಂಬಿವೆ. ಬದಲಿಗೆ ವಾರದ ಉಳಿದ 22 ದಿನಗಳಲ್ಲಿ ದಿನಕ್ಕೆ ಎರಡು ಕೋಣೆ ತುಂಬಿದರೆ ಸಾಕು: 44 ಕೋಣೆ-ರಾತ್ರಿಗಳು, 66,000 ರೂಪಾಯಿ; ನಷ್ಟ ತುಂಬಿ ಸ್ವಲ್ಪ ಉಳಿಯುತ್ತದೆ. ಜೀಪು ಮಾಲಕರ ಲೆಕ್ಕವೂ, ಊಟದ ಹೋಟೆಲಿನವರ ಲೆಕ್ಕವೂ ಇದೇ ರೀತಿಯದು. ವಾರಾಂತ್ಯಕ್ಕಾಗಿ ಇನ್ನೊಂದು ಜೀಪು ಕೊಂಡವನು ಐದು ದಿನ ಅದರ ಸವಕಳಿಯನ್ನೂ ಕಂತನ್ನೂ ಹೊರಬೇಕಾಗುತ್ತದೆ.

ಆದುದರಿಂದ ನಮ್ಮ ಬೇಡಿಕೆಯ ದಿಕ್ಕು ಬದಲಾಗಬೇಕು. ವಾರದ ದಿನಗಳ ಚಾರಣ ಶುಲ್ಕವನ್ನು ಕಡಿಮೆ ಮಾಡಿ ಎಂದು ನಾವು ಕೇಳೋಣ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ, ಮಳೆಗಾಲದಲ್ಲಿ ಅತಿವೃಷ್ಟಿಯಿಂದ ಚಾರಣ ನಿಲ್ಲುವುದುಂಟು, ಅದು ಅನಿವಾರ್ಯ. ಆದರೆ ಬೇಸಿಗೆಯ ಮುಚ್ಚುಗಡೆಯ ದಿನಾಂಕವನ್ನು ಸಾಧ್ಯವಾದಷ್ಟು ಮುಂಚಿತವಾಗಿ ಪ್ರಕಟಿಸಬಹುದು. ಹವಾಮಾನದಿಂದ ಹಠಾತ್ತಾಗಿ ನಿಂತಾಗ ಟಿಕೆಟು ಪಡೆದವರಿಗೆ ಬೇರೆ ದಿನಾಂಕ ಕೊಡಬಹುದು. ದೊಡ್ಡ ನಗರದ ಪ್ರವಾಸ ಸಂಸ್ಥೆಗಳು ಸಗಟಾಗಿ ಅನುಮತಿಗಳನ್ನು ಕಾಯ್ದಿರಿಸಿ ಮರುಮಾರಾಟ ಮಾಡದಂತೆ ನೋಡಿಕೊಳ್ಳಬಹುದು. ಪ್ರತಿ ತಿಂಗಳು ಎಷ್ಟು ಮಂದಿ ಬಂದರು, ಎಷ್ಟು ಅವಕಾಶ ಖಾಲಿ ಉಳಿಯಿತು ಎಂಬ ಅಂಕಿಅಂಶವನ್ನು ಇಲಾಖೆ ಪ್ರಕಟಿಸಬಹುದು. ಇವು ಯಾವುವೂ ಕಾಡಿಗೆ ಹೊರೆಯಲ್ಲ. ವರ್ತಕರಿಗೆ ಇವೆಲ್ಲವೂ ಲಾಭ.

ನಾವು ಮಾರುತ್ತಿರುವುದೇನು?

ಎಲ್ಲ ಮಾರಾಟಕ್ಕೂ ಸರಕಿನ ಪರಿಚಯ ಬೇಕು. ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ಕಂಡವರು ಘಟ್ಟದ ಕಾಡಿನಲ್ಲೂ ಹುಲಿ, ಆನೆಗಳು ರಸ್ತೆಬದಿಯಲ್ಲಿ ನಿಂತಿರುತ್ತವೆಂದು ಭಾವಿಸಿ ಬರುತ್ತಾರೆ. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರು ಮಳೆ ಬೀಳುವ ನಿತ್ಯಹರಿದ್ವರ್ಣದ ಕಾಡಿನ ಸ್ವಭಾವ ಬೇರೆ. ಇಲ್ಲಿ ಹತ್ತು ಅಡಿಯಾಚೆ ಇರುವ ಪ್ರಾಣಿಯೂ ಕಾಣುವುದಿಲ್ಲ. ಹುಲಿ, ಚಿರತೆಗಳಿವೆ, ಅವು ಕಣ್ಣಿಗೆ ಬೀಳುವುದು ಅಪರೂಪ. ಹುಲ್ಲುಗಾವಲಿನ ಅಂಚಿನಲ್ಲಿ ಬೆಳಗ್ಗೆ ಕಾಟಿಯ ಹಿಂಡು, ಕಡವೆ, ಮರದ ತುದಿಯಲ್ಲಿ ಕೆಂದಳಿಲು, ರೆಕ್ಕೆಯ ಸದ್ದಿನಿಂದಲೇ ಗುರುತು ಸಿಗುವ ಮಂಗಟ್ಟೆ, ಅದೃಷ್ಟವಿದ್ದರೆ ಸಿಂಗಳೀಕ. ಕಪ್ಪು ಮೈಯ, ಬಿಳಿಯ ಕೇಸರದ ಈ ಸಿಂಗಳೀಕವು ಪಶ್ಚಿಮ ಘಟ್ಟವನ್ನು ಬಿಟ್ಟು ಭೂಮಿಯ ಮೇಲೆ ಬೇರೆಲ್ಲೂ ಸಹಜವಾಗಿ ವಾಸಿಸುವುದಿಲ್ಲ. ಆಗುಂಬೆಯಲ್ಲಿ ಕಾಳಿಂಗ ಸರ್ಪದ ಅಧ್ಯಯನಕ್ಕೆಂದು 2005ರಲ್ಲಿ ಸಂಶೋಧನಾ ಕೇಂದ್ರವೇ ಆರಂಭವಾಯಿತು.

ಇಂತಹ ಸರಕನ್ನು ಅವಸರದಲ್ಲಿ ಮಾರಲಾಗದು. ನಾಲ್ಕು ತಾಸು ಸುಮ್ಮನೆ ನಡೆಯಲು, ಕಾಯಲು ಸಿದ್ಧನಿರುವ ಗಿರಾಕಿ ಬೇಕು. ಅವನಿಗೆ ಹಕ್ಕಿಯ ಕೂಗು, ಹೆಜ್ಜೆಗುರುತು, ಮರದ ಹೆಸರು ಹೇಳಬಲ್ಲ ಸ್ಥಳೀಯ ಮಾರ್ಗದರ್ಶಿ ಬೇಕು. ಗದ್ದಲದ ಗುಂಪನ್ನು ಕರೆತಂದಷ್ಟೂ ಈ ಗಿರಾಕಿ ದೂರವಾಗುತ್ತಾನೆ. ಹಾಡು ಹಾಕಿಕೊಂಡು ಬರುವ ಐವತ್ತು ಮಂದಿ ಒಂದು ಚಹಾ, ಒಂದು ಪೊಟ್ಟಣ ಚಿಪ್ಸು ಕೊಂಡು ಹೋಗುತ್ತಾರೆ. ದುರ್ಬೀನು ಹಿಡಿದು ಬರುವ ಐದು ಮಂದಿ ಮೂರು ರಾತ್ರಿ ಉಳಿಯುತ್ತಾರೆ, ಮಾರ್ಗದರ್ಶಿಗೆ ಸಂಬಳ ಕೊಡುತ್ತಾರೆ, ಮುಂದಿನ ವರ್ಷ ಮತ್ತೆ ಬರುತ್ತಾರೆ. "ಹುಲಿ ಗ್ಯಾರಂಟಿ" ಎಂಬಂತಹ ಜಾಹೀರಾತು ಹಾಕುವವರು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ ದಂಡವಿದೆ ಎಂಬುದನ್ನೂ ನೆನಪಿನಲ್ಲಿಡುವುದು ಒಳ್ಳೆಯದು.

ಸಣ್ಣ ಉತ್ಪಾದಕರಿಗೂ ಇಲ್ಲಿ ಕೆಲಸವಿದೆ. ಉಂಬಳ ಕಚ್ಚದಂತೆ ತಡೆಯುವ ಬಟ್ಟೆಯ ಕಾಲುಚೀಲವನ್ನು ಚಾರಣಿಗರು ನಗರದಿಂದ ಕೊಂಡುತರುತ್ತಾರೆ. ಅದನ್ನು ಹೊಲಿಯಲು ಕುಂದಾಪುರದ ದರ್ಜಿಗೆ ಬೇಕಾದುದು ಒತ್ತು ನೆಯ್ಗೆಯ ಬಟ್ಟೆ ಮತ್ತು ಒಂದು ಮಾದರಿ ಮಾತ್ರ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ವಸ್ತುಗಳು 2022ರ ಜುಲೈಯಿಂದ ದೇಶದಾದ್ಯಂತ ನಿಷಿದ್ಧವಾಗಿವೆ. ಕಾಡಿಗೆ ಹೋಗುವವರಿಗೆ ಬಾಳೆಲೆಯಲ್ಲಿ ಕಟ್ಟಿದ ಬುತ್ತಿ, ತುಂಬಿಕೊಡುವ ಸ್ಟೀಲಿನ ನೀರಿನ ಬಾಟಲಿ, ಬಟ್ಟೆಯ ಚೀಲ ಇವುಗಳನ್ನು ಬಾಡಿಗೆಗೋ ಮಾರಾಟಕ್ಕೋ ಒದಗಿಸಬಹುದು. ಪುನರ್ಪುಳಿ ಶರಬತ್ತು, ಹಲಸಿನ ಹಪ್ಪಳ, ಜೇನು ಇವುಗಳಿಗೆ ಒಳ್ಳೆಯ ಬೇಡಿಕೆಯಿದೆ. ಆದರೆ ಒಂದು ಎಚ್ಚರ: ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿಧಾಮದ ಒಳಗಿನಿಂದ ವಾಣಿಜ್ಯಕ್ಕಾಗಿ ಏನನ್ನೂ ಸಂಗ್ರಹಿಸುವಂತಿಲ್ಲ. ತೋಟದಲ್ಲಿ ಬೆಳೆದುದನ್ನು, ತೋಟದ ಪೆಟ್ಟಿಗೆಯಲ್ಲಿ ಸಾಕಿದ ಜೇನನ್ನು ಮಾತ್ರ ಕೊಳ್ಳಬೇಕು. ಬೆಳೆಗಾರನಿಂದ ರಶೀದಿ ಪಡೆದಿಟ್ಟುಕೊಳ್ಳಬೇಕು.

ಒಂದು ರಾತ್ರಿ ಹೆಚ್ಚು

ಕುದುರೆಮುಖ ಶಿಖರದ ಚಾರಣವು ಕಳಸದ ಕಡೆಯ ಮುಳ್ಳೋಡಿಯಿಂದ ಆರಂಭವಾಗುತ್ತದೆ. ಬೆಂಗಳೂರಿನ ಯುವಕರು ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಶನಿವಾರ ಶಿಖರ ಏರಿ, ಭಾನುವಾರ ರಾತ್ರಿ ಅದೇ ದಾರಿಯಲ್ಲಿ ಹಿಂದಿರುಗುತ್ತಾರೆ. ಘಟ್ಟದ ಕೆಳಗೆ ನಾವಿದ್ದೇವೆಂಬುದೇ ಅವರ ಪ್ರವಾಸಪಟ್ಟಿಯಲ್ಲಿ ಇಲ್ಲ. ಇವರ ಸಂಖ್ಯೆಯನ್ನು ಇಮ್ಮಡಿಗೊಳಿಸಿದರೂ ನಮಗೆ ಬರುವುದು ಸೊನ್ನೆಯ ಎರಡರಷ್ಟು.

ನಮ್ಮ ಬಲ ಬೇರೆಡೆ ಇದೆ. ಕೊಂಕಣ ರೈಲು 1998ರಲ್ಲಿ ಪೂರ್ಣಪ್ರಮಾಣದಲ್ಲಿ ಆರಂಭವಾದಂದಿನಿಂದ ಮುಂಬಯಿಯಿಂದಲೂ ಕೇರಳದಿಂದಲೂ ಜನರು ನೇರವಾಗಿ ನಮ್ಮ ಊರುಗಳಲ್ಲಿ ಇಳಿಯುತ್ತಾರೆ. ಬೈಂದೂರಿನ ನಿಲ್ದಾಣಕ್ಕೆ ಮೂಕಾಂಬಿಕಾ ರೋಡ್ ಎಂಬ ಹೆಸರೇ ಇದೆ. ಕೊಲ್ಲೂರು ಅಲ್ಲಿಂದ ಮೂವತ್ತು ಕಿಲೋಮೀಟರಿನೊಳಗೆ. ದರ್ಶನಕ್ಕೆ ಬಂದ ಕುಟುಂಬವು ಮರುದಿನ ಬೆಳಗ್ಗೆ ಇಲಾಖೆಯ ಅನುಮತಿಯೊಡನೆ ಕಾಡಿನಲ್ಲಿ ಎರಡು ತಾಸು ನಡೆದು, ಸಂಜೆ ಮರವಂತೆಯ ಕಡಲತೀರಕ್ಕೆ ಬಂದು, ರಾತ್ರಿ ಕುಂದಾಪುರದಲ್ಲಿ ಉಳಿದರೆ ನಮಗೆ ಒಂದು ರಾತ್ರಿಯ ವ್ಯಾಪಾರ ಹೆಚ್ಚಿತು. ಬ್ರಹ್ಮಾವರದಿಂದ ಹೆಬ್ರಿಗೆ, ಸೀತಾನದಿಯ ಪ್ರಕೃತಿ ಶಿಬಿರಕ್ಕೆ, ಆಗುಂಬೆಗೆ ಹೋಗುವ ದಾರಿಯೂ ಹಾಗೆಯೇ: ಹಿಂದಿರುಗುವಾಗ ಬಾರ್ಕೂರಿನ ಹಳೆಯ ದೇವಾಲಯಗಳನ್ನು ನೋಡಿ ಬರಬಹುದು. ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೇ ಹೆಸರು ತಂದವರು ನಮ್ಮ ಜನ. ಅತಿಥಿಗೆ ಊಟ ಬಡಿಸುವ ವಿದ್ಯೆಯನ್ನು ನಾವು ಯಾರಿಂದಲೂ ಕಲಿಯಬೇಕಾಗಿಲ್ಲ. ಆ ವಿದ್ಯೆಯನ್ನು ನಮ್ಮ ಊರಿನಲ್ಲಿಯೇ ಬಳಸಲು ಗಿರಾಕಿಯು ಒಂದು ರಾತ್ರಿ ಹೆಚ್ಚು ನಿಲ್ಲಬೇಕು, ಅಷ್ಟೇ. ವಸತಿಗೃಹಗಳನ್ನೂ ಕಾಡಿನ ಗಡಿಗೆ ತಾಗಿಸಿ ಕಟ್ಟುವ ಬದಲು ಕರಾವಳಿಯ ಪಟ್ಟಣಗಳಲ್ಲಿ ಇರುವವನ್ನೇ ಉತ್ತಮಪಡಿಸುವುದು ಅಗ್ಗವೂ ಹೌದು, ಕಾನೂನಿನ ತೊಡಕಿಲ್ಲದ್ದೂ ಹೌದು.

ಕಾಗದಪತ್ರಗಳ ವಿಷಯ

ಈ ವ್ಯಾಪಾರದಲ್ಲಿ ತೊಡಗಿರುವ ಹಲವರ ಕಾಗದಪತ್ರಗಳು ಅರೆಬರೆಯಾಗಿರುವುದು ಆತಂಕದ ಸಂಗತಿ. ಮುಖ್ಯವಾದವನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಮೊದಲನೆಯದು ವಾಹನ. ಖಾಸಗಿ ನೋಂದಣಿಯ, ಬಿಳಿ ಫಲಕದ ಜೀಪಿನಲ್ಲಿ ಬಾಡಿಗೆಗೆ ಜನರನ್ನು ಒಯ್ಯುವುದು ವಿಮಾ ಪಾಲಿಸಿಯ ಷರತ್ತಿನ ಉಲ್ಲಂಘನೆ. ಘಟ್ಟದ ತಿರುವಿನಲ್ಲಿ ಅಪಘಾತವಾದರೆ ಪರಿಹಾರದ ಹೊಣೆಯು ಕೊನೆಗೆ ಮಾಲಕನ ತಲೆಗೆ ಬರಬಹುದು. ಆ ಒಂದು ಮೊತ್ತಕ್ಕೆ ಮನೆ, ತೋಟ ಎರಡೂ ಸಾಲದೆ ಹೋದೀತು. ಹಳದಿ ಫಲಕದ ತೆರಿಗೆಯನ್ನು ಉಳಿಸಿದ ಲಾಭ ಇದರ ಮುಂದೆ ಏನೂ ಅಲ್ಲ.

ಎರಡನೆಯದು ತೆರಿಗೆ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ ಶೇಕಡಾ 5ರ ದರ ಅನ್ವಯವಾಗುತ್ತದೆ. ಆದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಹಿಂದಕ್ಕೆ ಪಡೆಯುವಂತಿಲ್ಲ. ಪೀಠೋಪಕರಣ, ಹವಾನಿಯಂತ್ರಕಗಳ ಮೇಲಿನ ತೆರಿಗೆಯೂ ವೆಚ್ಚವೇ ಆಗುವುದರಿಂದ ಹೊಸ ವಸತಿಗೃಹದ ಯೋಜನಾ ವರದಿಯನ್ನು ಈ ಲೆಕ್ಕದಲ್ಲಿಯೇ ಬರೆಯಬೇಕು.

ಮೂರನೆಯದು ಸುರಕ್ಷತೆ. 2023ರ ಜುಲೈ ತಿಂಗಳಲ್ಲಿ ಕೊಲ್ಲೂರು ಬಳಿಯ ಅರಿಶಿನಗುಂಡಿ ಜಲಪಾತದಲ್ಲಿ, ಬಂಡೆಯ ಮೇಲೆ ನಿಂತು ಮಳೆಗಾಲದ ಜಲಧಾರೆಯನ್ನು ನೋಡುತ್ತಿದ್ದ ತರುಣನೊಬ್ಬ ಕಾಲುಜಾರಿ ಕೊಚ್ಚಿಹೋದುದನ್ನು ನಾವೆಲ್ಲ ಮೊಬೈಲಿನಲ್ಲಿ ಕಂಡಿದ್ದೇವೆ. ಒಂದು ಜೀವ ಹೋಯಿತು. ಅದಕ್ಕೆ ಯಾವ ಲೆಕ್ಕವೂ ಇಲ್ಲ. ಆದರೆ ಅಪಾಯದ ಜಾಗವನ್ನು ಅತಿಥಿಗೆ ಮೊದಲೇ ಹೇಳುವುದು, ನಿರ್ಬಂಧಿತ ಸ್ಥಳಕ್ಕೆ ವಾಹನ ಒಯ್ಯಲಾರೆನೆಂದು ಖಡಾಖಂಡಿತವಾಗಿ ನಿರಾಕರಿಸುವುದು ಆತಿಥ್ಯದ ವ್ಯಾಪಾರ ಮಾಡುವವನ ಕರ್ತವ್ಯ.

ಕೊಡಚಾದ್ರಿಯ ಪ್ರಶ್ನೆ

ಮಿತಿಯ ಪ್ರಶ್ನೆ ನಾಳೆ ನಮ್ಮ ಮನೆಬಾಗಿಲಿಗೇ ಬರಲಿದೆ. ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಸಾಗರದಿಂದ ಕೊಲ್ಲೂರಿಗೆ ಬರುವವರಿಗೆ ಲಾಂಚಿನ ಸರತಿಯಿಲ್ಲದೆ ದಾರಿ ತೆರೆಯಿತು. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಶರಣಾದುದರಿಂದ ಘಟ್ಟದ ಹಳ್ಳಿಗಳ ಬಗ್ಗೆ ಹೊರಗಿನವರಿಗಿದ್ದ ಅಂಜಿಕೆಯೂ ಕಡಿಮೆಯಾಗಿದೆ. ಹೀಗೆ ಜನರ ಸಂಖ್ಯೆ ಹೇಗೂ ಏರುತ್ತದೆ. ಇದರ ಮೇಲೆ ಕೊಲ್ಲೂರಿನಿಂದ ಕೊಡಚಾದ್ರಿಗೆ ರೋಪ್‌ವೇ ನಿರ್ಮಿಸುವ ಪ್ರಸ್ತಾವವೂ ಕೆಲವು ವರ್ಷಗಳಿಂದ ಚರ್ಚೆಯಲ್ಲಿದೆ.

ರೋಪ್‌ವೇ ಪರವಾದ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಜೀಪಿನ ಕುಲುಕಾಟ ತಡೆಯಲಾರದ ವೃದ್ಧರಿಗೂ ಅಂಗವಿಕಲರಿಗೂ ಅದು ಅನುಕೂಲ. ಜೀಪಿನ ಚಕ್ರಗಳಿಂದ ಕೊರೆದುಹೋಗುತ್ತಿರುವ ದಾರಿಯೂ ಉಳಿದೀತು. ಆದರೆ 1,343 ಮೀಟರು ಎತ್ತರದ ಆ ನೆತ್ತಿಯಲ್ಲಿ ಸಪಾಟಾದ ಜಾಗ ಎಷ್ಟು? ಗಂಟೆಗೆ ನೂರಾರು ಮಂದಿಯನ್ನು ಮೇಲಕ್ಕೆ ಎತ್ತಿದರೆ ಅವರಿಗೆ ನೀರು ಎಲ್ಲಿಂದ, ಶೌಚಾಲಯದ ತ್ಯಾಜ್ಯ ಎಲ್ಲಿಗೆ? ಸಾಲ ಮಾಡಿ ಜೀಪು ಕೊಂಡಿರುವ ಚಾಲಕ-ಮಾಲಕರ ಗತಿ ಏನು? ಇವುಗಳಿಗೆ ಅಂಕಿಅಂಶದ ಉತ್ತರ ಬೇಕು. ಬೆಟ್ಟವು ದಿನಕ್ಕೆ ಎಷ್ಟು ಜನರನ್ನು ತಾಳಬಲ್ಲದೆಂಬ ವರದಿ ಮೊದಲು ಬರಲಿ. ಯಂತ್ರದ ಸಾಮರ್ಥ್ಯವನ್ನು ಆ ಅಂಕಿಗೆ ಹೊಂದಿಸಲಿ. ಹೂಡಿದ ಬಂಡವಾಳವನ್ನು ಹಿಂಪಡೆಯಲು ಬೇಕಾದ ಜನಸಂಖ್ಯೆಯನ್ನು ಮೊದಲು ನಿರ್ಧರಿಸಿ, ಬೆಟ್ಟವು ಅದನ್ನು ತಾಳಲೇಬೇಕೆಂದು ಹೇಳುವುದು ಉಲ್ಟಾ ಲೆಕ್ಕ. ಆ ಲೆಕ್ಕದ ಫಲವನ್ನು ನಾವು ಲಖ್ಯಾ ಅಣೆಕಟ್ಟಿನ ಹಿಂದೆ ನೋಡಿದ್ದೇವೆ.

ಮಾಡಬೇಕಾದದ್ದು

ಮೇಲಿನ ವಿಚಾರಗಳನ್ನು ಒಪ್ಪುವುದಾದರೆ ಮೂರು ತಾಲೂಕುಗಳ ವರ್ತಕ ಬಾಂಧವರು ಒಟ್ಟಾಗಿ ಕೆಲವು ಕೆಲಸಗಳನ್ನು ಈ ವರ್ಷವೇ ಕೈಗೆತ್ತಿಕೊಳ್ಳಬಹುದು. ಮಿತಿಯನ್ನು ಸಡಿಲಿಸಬೇಕೆಂಬ ಬೇಡಿಕೆಯನ್ನು ಕೈಬಿಟ್ಟು, ವಾರದ ದಿನಗಳ ರಿಯಾಯಿತಿ, ಮುಂಗಡ ವೇಳಾಪಟ್ಟಿ, ದಿನಾಂಕ ಬದಲಾವಣೆ, ಮಾಸಿಕ ಅಂಕಿಅಂಶ ಈ ನಾಲ್ಕು ವಿಷಯಗಳ ಬಗ್ಗೆ ಅರಣ್ಯ ಇಲಾಖೆಗೆ ಮನವಿ ಸಲ್ಲಿಸಬೇಕು. ಕಾಡಂಚಿನ ಹಳ್ಳಿಗಳ ಯುವಕ ಯುವತಿಯರಿಗೆ ಮಾರ್ಗದರ್ಶಿ ತರಬೇತಿ ಕೊಡಿಸಲು ಸಣ್ಣ ನಿಧಿಯೊಂದನ್ನು ಸ್ಥಾಪಿಸಬೇಕು. ನಮ್ಮಲ್ಲಿ ಬಹುಪಾಲು ಸಂಸ್ಥೆಗಳು ಕಂಪೆನಿ ಕಾಯಿದೆಯ ಸಾಮಾಜಿಕ ಹೊಣೆಗಾರಿಕೆಯ ವ್ಯಾಪ್ತಿಗೆ ಬರುವಷ್ಟು ದೊಡ್ಡವಲ್ಲ. ಆದರೂ ತಲಾ ಕೆಲವು ಸಾವಿರ ರೂಪಾಯಿ ಹಾಕಿದರೆ ವರ್ಷಕ್ಕೆ ಇಪ್ಪತ್ತು ಮಂದಿಗೆ ತರಬೇತಿ ಕೊಡುವುದು ಕಷ್ಟವಲ್ಲ. ತಲತಲಾಂತರದಿಂದ ಕಾಡನ್ನು ಬಲ್ಲ ಮಲೆಕುಡಿಯ ಕುಟುಂಬಗಳ ಮಕ್ಕಳಿಗೆ ಇದರಲ್ಲಿ ಮೊದಲ ಆದ್ಯತೆ ಸಲ್ಲಬೇಕು. ರೋಪ್‌ವೇ ವಿಷಯದಲ್ಲಿ ಧಾರಣಾ ಸಾಮರ್ಥ್ಯದ ವರದಿ ಬರುವ ತನಕ ಪರ-ವಿರೋಧ ಯಾವ ಠರಾವನ್ನೂ ಮಾಡಬಾರದು.

ಸರಕಾರದ ಕಟ್ಟುಪಾಡನ್ನು ವಿರೋಧಿಸುವುದು ವರ್ತಕ ಸಂಘಗಳಿಗೆ ರೂಢಿಯಾಗಿದೆ. ಅನೇಕ ವೇಳೆ ಅದಕ್ಕೆ ಸಕಾರಣವೂ ಇರುತ್ತದೆ. ಆದರೆ ನಮ್ಮ ಬಂಡವಾಳವನ್ನು ಕಾಯುವ ಕಟ್ಟುಪಾಡನ್ನು ನಾವೇ ವಿರೋಧಿಸುವುದು, ತಿಜೋರಿಗೆ ಬೀಗ ಹಾಕಿದ ಗುಮಾಸ್ತನನ್ನು ಗದರಿದಂತೆ. ಮುಂದಿನ ಪೀಳಿಗೆಯ ವರ್ತಕನು ನಮ್ಮ ಲೆಕ್ಕಪುಸ್ತಕವನ್ನು ತೆರೆದಾಗ ಅಸಲು ಇದ್ದಲ್ಲಿಯೇ ಇರಬೇಕು, ಬಡ್ಡಿ ಪ್ರತಿ ವರ್ಷ ಜಮೆಯಾಗಿರಬೇಕು. ಆ ದಿಸೆಯಲ್ಲಿ ಮೊದಲ ಮನವಿಯನ್ನು ಬರುವ ಚಾರಣದ ಋತುವಿಗೆ ಮುಂಚೆಯೇ ಸಿದ್ಧಪಡಿಸೋಣ.